ಫೋನಿನೊಳಗೆ ಗರ ಹಾಕುವವರು ಯಾರು?

ಚೌಕಾಬಾರದಲ್ಲಿ ಕವಡೆ ಎಸೆದರೆ ಎಷ್ಟು ಬೀಳುತ್ತದೆ ಎಂಬುದು ಎಸೆದವರಿಗೂ ಗೊತ್ತಿರುವುದಿಲ್ಲ. ಆಟದ ನ್ಯಾಯವೆಲ್ಲ ಇರುವುದು ಅಲ್ಲೇ. ಮಹಾಭಾರತದ ಜೂಜಿನಲ್ಲಿ ಆ ನ್ಯಾಯ ತಪ್ಪಿತು. ಶಕುನಿ ಬಯಸಿದ ಗರವೇ ಬೀಳುತ್ತಾ ಹೋಯಿತು, ಧರ್ಮರಾಯ ರಾಜ್ಯವನ್ನೇ ಕಳೆದುಕೊಂಡ.

ಮಕ್ಕಳೇ, ನಿಮ್ಮ ಮನೆಯ ಮೊಬೈಲ್ ಕೂಡ ದಿನಕ್ಕೆ ಎಷ್ಟೋ ಸಲ ಹೀಗೆ ಗರ ಹಾಕುತ್ತದೆ. ಪಿಂಚಣಿ ಬಂತೇ ಎಂದು ನೋಡಲು ಅಜ್ಜ ಬ್ಯಾಂಕಿನ ಆ್ಯಪ್ ತೆರೆಯುತ್ತಾರೆ ಅನ್ನಿ. ಆ ಕ್ಷಣದಲ್ಲೇ ಫೋನು ಮತ್ತು ಬ್ಯಾಂಕಿನ ಕಂಪ್ಯೂಟರ್ ಸೇರಿ ಒಂದು ಗುಟ್ಟಿನ ಸಂಖ್ಯೆಯನ್ನು ಹೊಸದಾಗಿ ಮಾಡಿಕೊಳ್ಳುತ್ತವೆ. ಮುಂದಿನ ಮಾತುಕತೆಗೆಲ್ಲ ಅದೇ ಬೀಗದಕೈ. ಸಾಮಾನ್ಯವಾಗಿ ಅದು 39 ಅಂಕಿಗಳಷ್ಟು ಉದ್ದವಿರಬಹುದು. ಲೋಕದ ಕಂಪ್ಯೂಟರುಗಳೆಲ್ಲ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಕೂತರೂ ನಮ್ಮ ಕಾಲಕ್ಕೆ ಆ ಕೆಲಸ ಮುಗಿಯದು. ಆದರೆ ಒಂದು ಷರತ್ತು: ಆ ಸಂಖ್ಯೆ ಯಾರ ಊಹೆಗೂ ಸಿಗದಂತೆ ಹುಟ್ಟಿರಬೇಕು. ಅಂಥದ್ದನ್ನು ಪಾಠದ ಭಾಷೆಯಲ್ಲಿ ಯಾದೃಚ್ಛಿಕ ಸಂಖ್ಯೆ ಎನ್ನುತ್ತಾರೆ.

ಅಜ್ಜಿಯ ಹೆಪ್ಪು, ಕಂಪ್ಯೂಟರಿನ ಹೆಪ್ಪು

ತೊಡಕು ಇರುವುದು ಇಲ್ಲೇ. ಕಂಪ್ಯೂಟರ್ ಹೇಳಿದ್ದನ್ನಷ್ಟೇ ಮಾಡುತ್ತದೆ. ಒಂದೇ ಲೆಕ್ಕವನ್ನು ಸಾವಿರ ಸಲ ಕೊಟ್ಟರೂ ಉತ್ತರ ಒಂದೇ. ಹಾಗಾದರೆ ಅದಕ್ಕೆ ಕವಡೆ ಎಲ್ಲಿಂದ ಬರಬೇಕು?

ಸುತ್ತಲಿನ ಗಡಿಬಿಡಿಯಿಂದ. ಯಂತ್ರದ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಲಿನಕ್ಸ್ ಅಂಥದ್ದೊಂದು, ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. 1994ರಲ್ಲಿ ಲಿನಕ್ಸ್‌ಗೆ ಒಂದು ಹೊಸ ಏರ್ಪಾಡು ಸೇರಿತು. ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವ ನಡುವಿನ ಹೊತ್ತು, ಮೌಸ್ ಅಲುಗಾಡಿದ ಗಳಿಗೆ, ಡಿಸ್ಕು ಉತ್ತರ ಕೊಡಲು ತೆಗೆದುಕೊಂಡ ಸಮಯ, ಇವನ್ನೆಲ್ಲ ಅದು ಬಹಳ ಸೂಕ್ಷ್ಮವಾಗಿ ಅಳೆಯುತ್ತದೆ. ಹಾಗೆ ಅಳೆದಾಗ ಬರುವ ಕೊನೆಯ ಅಂಕಿಗಳು ಏನಿರುತ್ತವೆ ಎಂದು ಯಾರೂ ಮೊದಲೇ ಹೇಳಲಾರರು. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿಡುತ್ತದೆ. ಬೇಕಾದಾಗ ಆ ಪಾತ್ರೆಯಿಂದ ಸಂಖ್ಯೆ ತೆಗೆದುಕೊಡುತ್ತದೆ.

ಅಜ್ಜಿ ಇವತ್ತಿನ ಮೊಸರಿನಲ್ಲಿ ಒಂದು ಚಮಚವನ್ನು ನಾಳೆಯ ಹೆಪ್ಪಿಗೆಂದು ಎತ್ತಿಡುತ್ತಾರಲ್ಲ? ಕಂಪ್ಯೂಟರ್ ಕೂಡ ಆರಿಸುವ ಮುಂಚೆ ಒಂದಿಷ್ಟನ್ನು ಗುಟ್ಟಾಗಿ ಎತ್ತಿಡುತ್ತದೆ. ಮತ್ತೆ ಹೊತ್ತಿಸಿದಾಗ ಅದನ್ನು ಹೊಸ ಗಡಿಬಿಡಿಯ ಜೊತೆ ಬೆರೆಸಿಕೊಳ್ಳುತ್ತದೆ.

ಕೆಲವರು ಇದಕ್ಕೆ ಇನ್ನೂ ಚೆಂದದ ದಾರಿ ಹಿಡಿದಿದ್ದಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಲೌಡ್‌ಫ್ಲೇರ್ ಕಂಪನಿಯ ಕಚೇರಿಯಲ್ಲಿ ಸುಮಾರು 100 ಲಾವಾ ದೀಪಗಳ ಗೋಡೆಯೊಂದಿದೆ. ಬಣ್ಣದ ಮೇಣ ಬಿಸಿಯಾಗಿ ಮೇಲೇರಿ, ತಣ್ಣಗಾಗಿ ಕೆಳಗಿಳಿಯುತ್ತಿರುತ್ತದೆ. ಅದರ ಆಕಾರ ಗಳಿಗೆಗೊಂದು ಬಗೆ. ಅದನ್ನು ನೋಡುತ್ತಿರುವ ಕ್ಯಾಮೆರಾದ ಚಿತ್ರಗಳೂ ಪಾತ್ರೆಗೆ ಸೇರುತ್ತವೆ.

ಎರಡು ಸಾಲು ತೆಗೆದದ್ದಕ್ಕೆ

ಈ ಪಾತ್ರೆ ಬರಿದಾದರೆ ಏನಾಗುತ್ತದೆ? ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ಅದು ನಡೆದೇ ಹೋಯಿತು. ಅದರಲ್ಲಿ ಬೀಗದಕೈ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವಿತ್ತು. 2006ರಲ್ಲಿ ಪರೀಕ್ಷೆಯ ಸಾಧನವೊಂದು ಅದರ ಎರಡು ಸಾಲುಗಳ ಬಗ್ಗೆ ದೂರು ಹೇಳಿತು. ನೋಡಿಕೊಳ್ಳುತ್ತಿದ್ದವರು ಆ ಸಾಲುಗಳನ್ನು ಕೈಬಿಟ್ಟರು. ಅವರಿಗೆ ಕೇಡಿನ ಯೋಚನೆ ಇರಲಿಲ್ಲ. ಆದರೆ ಗಡಿಬಿಡಿಯನ್ನು ಪಾತ್ರೆಗೆ ಸುರಿಯುತ್ತಿದ್ದದ್ದೇ ಆ ಸಾಲು!

ಉಳಿದದ್ದು, ಕೆಲಸ ಶುರುವಾದಾಗ ಕಂಪ್ಯೂಟರ್ ಕೊಡುವ ಒಂದು ಕ್ರಮಸಂಖ್ಯೆ ಮಾತ್ರ. ಅದು 32,768ನ್ನು ದಾಟುತ್ತಿರಲಿಲ್ಲ. ಹಾಗಾಗಿ ಎಣಿಸಲಾಗದಷ್ಟು ಬಗೆಯ ಬೀಗದಕೈ ಹುಟ್ಟಬೇಕಿದ್ದ ಕಡೆ 32 ಸಾವಿರ ಚಿಲ್ಲರೆ ಮಾತ್ರ ಹುಟ್ಟಿದವು. ಅಷ್ಟನ್ನೂ ಹಾಕಿ ನೋಡುವುದು ಸಾಧಾರಣ ಕಂಪ್ಯೂಟರಿಗೂ ಕಷ್ಟವಲ್ಲ. ಹೆಚ್ಚು ಕಡಿಮೆ 20 ತಿಂಗಳು ಇದು ಯಾರ ಗಮನಕ್ಕೂ ಬರಲಿಲ್ಲ. ಯಾಕೆಂದರೆ ಒಂದು ಬೀಗದಕೈಯನ್ನು ಎತ್ತಿಕೊಂಡು ನೋಡಿದರೆ ಅದು ಬೇರೆಲ್ಲದರಂತೆಯೇ ಉದ್ದವಾಗಿ, ಗೋಜಲಾಗಿ ಇತ್ತು. ಶಕುನಿಯ ದಾಳವೂ ನೋಡುವುದಕ್ಕೆ ದಾಳವೇ ತಾನೇ? 2008ರ ಮೇ ತಿಂಗಳಲ್ಲಿ ಲೂಸಿಯಾನೊ ಬೆಲ್ಲೊ ಎಂಬವರು ಇದನ್ನು ಪತ್ತೆ ಮಾಡಿದ ಸುದ್ದಿ ಹೊರಬಿತ್ತು. ತಂತ್ರಾಂಶವನ್ನು ರಿಪೇರಿ ಮಾಡಿದರಷ್ಟೇ ಸಾಲಲಿಲ್ಲ, ಹಳೆಯ ಬೀಗದಕೈಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು.

ಮ.ಸಾ.ಅ. ಬಂದರೆ ಸಾಕು!

ಇನ್ನೊಂದು ಅಪಾಯ ಹೊಚ್ಚ ಹೊಸ ಯಂತ್ರಗಳದ್ದು. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಇಂಟರ್‌ನೆಟ್ ರೂಟರಿಗೆ ಕೀಲಿಮಣೆಯಿಲ್ಲ, ಮೌಸಿಲ್ಲ, ನಿನ್ನೆಯ ಹೆಪ್ಪೂ ಇಲ್ಲ. ಹೊತ್ತಿಸಿದ ಕೂಡಲೇ ಬೀಗದಕೈ ಮಾಡು ಎಂದರೆ ಅದು ಏನು ತಾನೇ ಮಾಡೀತು? ಅದೇ ಮಾದರಿಯ ಇನ್ನೊಂದು ರೂಟರ್ ಮಾಡಿದ್ದನ್ನೇ ಇದೂ ಮಾಡಬಹುದು.

ಒಂದು ಜಾತಿಯ ಬೀಗದಕೈಯನ್ನು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಮಾಡುತ್ತಾರೆ. ಗುಣಲಬ್ಧ ಎಲ್ಲರಿಗೂ ಕಾಣುತ್ತದೆ, ಆ ಎರಡು ಸಂಖ್ಯೆಗಳು ಗುಟ್ಟು. ನೂರಾರು ಅಂಕಿಗಳಿರುವ ಗುಣಲಬ್ಧದಿಂದ ಅವನ್ನು ಹುಡುಕುವುದು ಆಗದ ಮಾತು. ಈಗ ಚಿಕ್ಕ ಲೆಕ್ಕವೊಂದನ್ನು ಮಾಡಿ ನೋಡಿ. ಒಂದು ಯಂತ್ರದ ಸಂಖ್ಯೆ 91, ಇನ್ನೊಂದರದ್ದು 119. ಇವೆರಡರ ಮ.ಸಾ.ಅ. ಎಷ್ಟು? 7. ತಗೊಳ್ಳಿ, 91 ಅಂದರೆ 7 × 13, 119 ಅಂದರೆ 7 × 17. ಎರಡು ಗುಟ್ಟೂ ಬಯಲು! ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಮ.ಸಾ.ಅ. ಕಂಡುಹಿಡಿಯುವುದು ಕಂಪ್ಯೂಟರಿಗೆ ಸುಲಭ. ಅಮೆರಿಕದ ಸಂಶೋಧಕರ ತಂಡವೊಂದು ಇಡೀ ಇಂಟರ್‌ನೆಟ್ಟನ್ನು ಜಾಲಾಡಿ, ಇದೇ ಉಪಾಯದಿಂದ 60 ಸಾವಿರಕ್ಕೂ ಹೆಚ್ಚು ಯಂತ್ರಗಳ ಗುಟ್ಟು ಬಿಡಿಸಿ 2012ರಲ್ಲಿ ಪ್ರಕಟಿಸಿತು. ಕದಿಯುವುದಕ್ಕಲ್ಲ, ಎಚ್ಚರಿಸುವುದಕ್ಕೆ. 2014ರಲ್ಲಿ ಲಿನಕ್ಸ್‌ಗೆ ಇನ್ನೊಂದು ಏರ್ಪಾಡು ಬಂತು: ಅದರ ಮೂಲಕ ಸಂಖ್ಯೆ ಕೇಳಿದರೆ, ಪಾತ್ರೆಯಲ್ಲಿ ಸಾಕಷ್ಟು ಸೇರುವವರೆಗೆ ಕಾಯಲೇಬೇಕು.

ಮನೆಮಂದಿಗೆ ಒಂದು ಕೆಲಸ

ಮನುಷ್ಯರು ಗರ ಹಾಕುವುದರಲ್ಲಿ ಕಂಪ್ಯೂಟರಿಗಿಂತ ಜಾಣರೇ? ಪರೀಕ್ಷಿಸಿ ನೋಡಿ. ನಾಣ್ಯವನ್ನು 20 ಸಲ ಚಿಮ್ಮಿದಂತೆ ಊಹಿಸಿಕೊಂಡು ‘ತಲೆ’, ‘ಹೂವು’ ಎಂದು ಬರೆಯಿರಿ. ಆಮೇಲೆ ನಿಜವಾಗಿ ಚಿಮ್ಮಿ ಬರೆಯಿರಿ. ನಿಜದ ಪಟ್ಟಿಯಲ್ಲಿ ಒಂದೇ ಮುಖ ಸಾಲಾಗಿ ನಾಲ್ಕು ಸಲ ಅಥವಾ ಅದಕ್ಕೂ ಹೆಚ್ಚು ಸಲ ಬೀಳುವುದು ಸಾಮಾನ್ಯ. ಊಹೆಯ ಪಟ್ಟಿಯಲ್ಲಿ ಅದು ಅಪರೂಪ. ನಮ್ಮ ಮನಸ್ಸು ಗೊತ್ತಿಲ್ಲದೆಯೇ ಒಂದು ಜಾಡು ಹಿಡಿಯುತ್ತದೆ.

ಪಿನ್ ವಿಷಯವೂ ಹಾಗೆಯೇ. ನಾಲ್ಕು ಅಂಕಿಯ ಪಿನ್ ಅಂದರೆ 10,000 ಸಾಧ್ಯತೆ. ಹುಟ್ಟಿದ ದಿನ ಮತ್ತು ತಿಂಗಳನ್ನೇ ಪಿನ್ ಮಾಡಿಕೊಂಡರೆ ಹೆಚ್ಚೆಂದರೆ 366, ಅದೂ ನೆಂಟರಿಷ್ಟರಿಗೆಲ್ಲ ಗೊತ್ತಿರುವಂಥದ್ದು. ಆದ್ದರಿಂದ 0ಯಿಂದ 9ರವರೆಗೆ ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ ಕುಲುಕಿ. ಒಂದನ್ನು ಎತ್ತಿ, ನೋಡಿ, ಮತ್ತೆ ಒಳಗೆ ಹಾಕಿ. ಹೀಗೆ ನಾಲ್ಕು ಸಲ. ಫೋನಿಗೆ ಅಪ್‌ಡೇಟ್ ಬಂದಾಗ ‘ಆಮೇಲೆ’ ಎಂದು ಮುಂದೂಡಬೇಡಿ. ಇಂಥ ರಿಪೇರಿಗಳು ಮನೆಗೆ ತಲುಪುವುದು ಆ ದಾರಿಯಲ್ಲೇ.

ಚೀಟಿ ಬರೆದು ಡಬ್ಬಿ ಕುಲುಕುವ ಕೆಲಸ ಮೊಮ್ಮಕ್ಕಳದ್ದು. ಚೀಟಿ ಎತ್ತುವುದು ಮಾತ್ರ ಅಜ್ಜ-ಅಜ್ಜಿಯರೇ. ಆಗ ಮೊಮ್ಮಕ್ಕಳು ಆ ಕಡೆ ತಿರುಗಿ ನಿಲ್ಲಲಿ!