ಹೆಸರಿನ ಬಾಲ

ಹೆಸರು ನಮ್ಮದು, ಅದನ್ನು ಉಚ್ಚರಿಸುವ ನಾಲಿಗೆ ಮಾತ್ರ ಬಹುಪಾಲು ಪರರದು. ಈ ಸಣ್ಣ ಸಂಗತಿಯಿಂದ ಹುಟ್ಟುವ ತೊಡಕುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಕೋಲಾರ ಸೀಮೆಯನ್ನೇ ನೋಡಿ. ಕನ್ನಡದ ಮನೆಯಲ್ಲಿ ‘ರಾಮ’ನಾದವನು ಶ್ರೀನಿವಾಸಪುರ, ಮುಳಬಾಗಿಲುಗಳ ತೆಲುಗು ಮನೆಯಲ್ಲಿ ‘ರಾಮುಡು’. ಮಾಲೂರಿನ ತಮಿಳು ಮನೆಯಲ್ಲಿ ‘ರಾಮನ್’. ಆಸಾಮಿ ಒಬ್ಬನೇ, ಹೆಸರಿನ ಬಾಲ ಬೇರೆ ಬೇರೆ. ಇದು ಯಾರ ತಪ್ಪೂ ಅಲ್ಲ. ಪದ ಹೇಗೆ ಮುಗಿಯಬೇಕೆಂಬುದಕ್ಕೆ ಪ್ರತಿಯೊಂದು ಭಾಷೆಯಲ್ಲಿಯೂ ಒಂದು ಕಟ್ಟಳೆಯುಂಟು. ಹಳಗನ್ನಡದ ಪಾಲ್, ಕಣ್ ಮೊದಲಾದ ವ್ಯಂಜನಾಂತ ಪದಗಳು ಹೊಸಗನ್ನಡದಲ್ಲಿ ಹಾಲು, ಕಣ್ಣು ಎಂದು ಸ್ವರಾಂತವಾದುವು. ಅದೇ ಅಭ್ಯಾಸಬಲದಿಂದ ನಮ್ಮ ಹಳ್ಳಿಗರ ಬಾಯಲ್ಲಿ ಜಾನ್ ಎಂಬವನು ‘ಜಾನು’ ಆಗುತ್ತಾನೆ. ಇಂಗ್ಲಿಷಿನ ಬರಹ ಇದಕ್ಕೆ ವಿರುದ್ಧವಾಗಿ ನಮ್ಮ ಊರಿನ ಕೊನೆಯ ಸ್ವರವನ್ನು ಕತ್ತರಿಸಿ ‘ಕೋಲಾರ್’ ಎಂದಿತು.

ಇವು ತಾವಾಗಿ ಬೆಳೆದ ಭಾಷೆಗಳು. ಮನುಷ್ಯರು ಕುಳಿತು ಕಟ್ಟಿದ ಭಾಷೆಯಲ್ಲಿ ಹೆಸರಿನ ಗತಿಯೇನು? ಲೋಜ್ಬಾನ್ ಎಂಬ ಭಾಷೆಯೊಂದಿದೆ. ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಆರಂಭಿಸಿದ ಲಾಗ್ಲಾನ್ ಅದರ ಮೂಲ. 1987ರಲ್ಲಿ ಲೋಜ್ಬಾನ್ ಬೇರೆ ಕವಲಾಯಿತು. ಜಾನ್ ಕವನ್ ಬರೆದ ಅದರ ದೊಡ್ಡ ವ್ಯಾಕರಣ 1997ರಲ್ಲಿ ಪ್ರಕಟವಾಯಿತು. ಕಿವಿಗೆ ಬಿದ್ದ ಮಾತು ಸಂದೇಹಕ್ಕೆಡೆಯಿಲ್ಲದಂತೆ ಪದಪದವಾಗಿ ಬಿಡಬೇಕೆಂಬುದು ಅದರ ಪ್ರತಿಜ್ಞೆ. ಅಲ್ಲಿ ಸಾಮಾನ್ಯ ಪದಗಳೆಲ್ಲ ಸ್ವರಾಂತ. ಆದುದರಿಂದ ಹೊರಗಿನಿಂದ ತಂದ ಹೆಸರು ವ್ಯಂಜನದಲ್ಲಿಯೇ ಮುಗಿಯಬೇಕು. ಅದರ ಹಿಂದೆಯೇ ಚಿಕ್ಕದೊಂದು ನಿಲುಗಡೆ ಬರಬೇಕು. ಆಗ ಕೇಳುಗನಿಗೆ ಇದು ಹೆಸರೆಂದು ಗೊತ್ತಾಗುತ್ತದೆ. ನಮ್ಮ ರಾಮ ಅಲ್ಲಿ ‘ರಮಸ್’ ಆಗಬಹುದು, ‘ರಮನ್’ ಆಗಬಹುದು; ವ್ಯಂಜನ ಯಾವುದೆಂಬುದು ಇಷ್ಟಕ್ಕೆ ಬಿಟ್ಟದ್ದು. ಎರಡನೆಯದನ್ನು ಕೇಳಿದರೆ ಮಾಲೂರಿನ ತಮಿಳರಿಗೆ ಆಶ್ಚರ್ಯವೇನೂ ಆಗಲಾರದು.

ಹ್ರಸ್ವದೀರ್ಘಗಳ ಭೇದವೂ ಅಲ್ಲಿ ಅರ್ಥಭೇದವನ್ನುಂಟುಮಾಡುವುದಿಲ್ಲ. ಹಾಗಾದರೆ ರಾಮನಿಗೂ ರಮಾದೇವಿಗೂ ವ್ಯತ್ಯಾಸವೆಲ್ಲಿ? ಒತ್ತಿನಲ್ಲಿ. ರೂಢಿಯ ಒತ್ತು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ. ಅದು ರಾಮನಿಗೆ ಸರಿಹೋಗುತ್ತದೆ. ರಮಾ ಎನ್ನಲು ಒತ್ತನ್ನು ಕೊನೆಗೆ ಸರಿಸಿ, ಬರಹದಲ್ಲಿ ಆ ಭಾಗವನ್ನು ದೊಡ್ಡಕ್ಷರಗಳಿಂದ ತೋರಿಸಬೇಕು. ಉಪಾಯ ಜಾಣತನದ್ದೇ.

ಮುಖ್ಯವಾದ ತೊಡಕು ಬೇರೆ. ಲೋಜ್ಬಾನಿನಲ್ಲಿ ಒಂದೇ ವ್ಯಂಜನ ಎರಡು ಸಲ ಒತ್ತೊತ್ತಾಗಿ ಬರುವಂತಿಲ್ಲ; ನಮ್ಮ ಡಕಾರ, ಟಕಾರಗಳೂ ಇಲ್ಲ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಅಲ್ಲಿ ‘ಗುಂದಪಸ್’ ಆಗಬೇಕಾಗುತ್ತದೆ. ನಮ್ಮ ಸೀಮೆಯ ಊರೂರಿನಲ್ಲಿರುವ ಮುನಿವೆಂಕಟಪ್ಪ ‘ಮುನಿವೆಂಕತಪಸ್’ ಆಗುತ್ತಾನೆ; ಮುನಿಗೆ ಬೇಡದೆಯೇ ತಪಸ್ಸು ದೊರೆಯಿತು! ನಗೆ ಇರಲಿ, ಕಳೆದುಹೋದದ್ದು ಅಪ್ಪ. ಅಪ್ಪ, ಅಮ್ಮ, ಅಣ್ಣ, ಅಯ್ಯ ಎಂಬ ನಮ್ಮ ಗೌರವವಾಚಕಗಳೆಲ್ಲ ದ್ವಿತ್ವದಲ್ಲಿ ನಿಂತಿವೆ. ಅರ್ಥದಿಂದ ಹೆಸರಿಡುವ ಇನ್ನೊಂದು ದಾರಿಯೂ ಆ ಭಾಷೆಯಲ್ಲಿದೆ. ಚಿನ್ನಕ್ಕೆ ಅಲ್ಲಿ ‘ಸೊಲ್ಜಿ’ ಎನ್ನುತ್ತಾರೆ. ಚಿನ್ನಮ್ಮನನ್ನು ‘ಲಾ ಸೊಲ್ಜಿ’ ಎನ್ನಬಹುದು. ಚಿನ್ನ ಉಳಿಯಿತು, ಅಮ್ಮ ಹೋದಳು.

ಇದನ್ನು ಅವಮಾನವೆನ್ನಲಾದೀತೆ? ಆಗದು. ದ್ವಿತ್ವ ಅಲ್ಲಿ ನಿಯಮಕ್ಕೇ ಒಗ್ಗದು. ಒಗ್ಗುವ ನಾಲಿಗೆಯ ಮಾತೇ ಬೇರೆ. ನಮ್ಮ ಹಳ್ಳಿಗಳಲ್ಲಿ ಜಮೀನುದಾರನ ಮನೆಯ ಹುಡುಗ, ತನ್ನ ತಾತನ ವಯಸ್ಸಿನ ಆಳು ಮುನಿಯಪ್ಪನನ್ನು ‘ಲೋ ಮುನಿಯಾ’ ಎಂದು ಕೂಗುವುದನ್ನು ಬಾಲ್ಯದಲ್ಲಿ ನಾನು ಕೇಳಿದ್ದೇನೆ. ಆ ಹುಡುಗ ತನ್ನ ಮನೆಯ ನಾರಾಯಣಪ್ಪನವರ ಹೆಸರನ್ನು ಪೂರ್ತಿಯಾಗಿ, ಸ್ಫುಟವಾಗಿ ಹೇಳುತ್ತಿದ್ದ. ಅಲ್ಲಿ ಅಪ್ಪನನ್ನು ಕತ್ತರಿಸಿದ್ದು ವ್ಯಾಕರಣವಲ್ಲ, ಜಾತಿ ಮತ್ತು ಅಂತಸ್ತು.

ಭಾಷೆಯ ಕಟ್ಟಳೆಯಿಂದ ಹೆಸರಿನ ಬಾಲ ಬದಲಾದರೆ ಅದು ಅತಿಥಿಗೆ ನಮ್ಮ ಮನೆಯ ಚಾಪೆ ಹಾಸಿದಂತೆ. ನಮ್ಮಲ್ಲಿ ಇರುವುದು ಅದೇ. ಮನೆಯಲ್ಲಿ ಚಾಪೆಯಿದ್ದೂ ಬರಿನೆಲ ತೋರಿಸುವುದು ಬೇರೆ. ಕಚೇರಿಯಲ್ಲಾಗಲಿ, ಶಾಲೆಯ ಹಾಜರಿಯಲ್ಲಾಗಲಿ ಎದುರಿಗಿರುವವರ ಹೆಸರನ್ನು ಅವರ ಬಾಯಿಂದಲೇ ಒಮ್ಮೆ ಕೇಳಿ, ನಮ್ಮ ನಾಲಿಗೆಗೆ ಎಷ್ಟು ಸಾಧ್ಯವೋ ಅಷ್ಟನ್ನೂ ಹೇಳೋಣ. ಅದಕ್ಕೆ ವ್ಯಾಕರಣಜ್ಞಾನ ಬೇಕಾಗಿಲ್ಲ.