ಬರೆದವನು ಯಾರು?

ತಮ್ಮ ತಂಡದ ಬೆನ್ನುಹತ್ತಿ ದೇಶದೇಶಗಳನ್ನು ಸುತ್ತುವ ಫುಟ್‌ಬಾಲ್ ಅಭಿಮಾನಿಗಳನ್ನು ಕುರಿತು ಇಂಗ್ಲೆಂಡಿನಲ್ಲಿ ಹಲವು ಗ್ರಂಥಗಳು ಬಂದಿವೆ. ಅವುಗಳನ್ನು ಓದುವವರು ಮೊದಲು ಕೇಳಬೇಕಾದುದು, ಬರೆದವನು ಆ ಗುಂಪಿನ ಒಳಗಿನವನೋ ಹೊರಗಿನವನೋ ಎಂಬುದನ್ನು.

ಬಿಲ್ ಬುಫೋರ್ಡ್ ಅಮೆರಿಕದವರು. ಈ ಆಟದ ನಂಟು ಅವರಿಗೆ ಬಾಲ್ಯದಿಂದ ಬಂದುದಲ್ಲ. 1984ರಲ್ಲಿ ಅವರು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳೊಡನೆ ಇಟಲಿಯ ಟ್ಯೂರಿನ್ ನಗರಕ್ಕೆ ಹೋದರು. ನೋಡಲೆಂದು ಹೋದವರನ್ನೇ ಗುಂಪಿನ ಅಮಲು ಸೆಳೆಯಿತು. ಅದನ್ನು ಅವರು ಮುಚ್ಚಿಡದೆ ಬರೆದರು. 1990ರ ವಿಶ್ವಕಪ್ ಸಂದರ್ಭದಲ್ಲಿ ಸಾರ್ಡಿನಿಯಾ ದ್ವೀಪದಲ್ಲಿ ಪೊಲೀಸರಿಂದ ಪೆಟ್ಟನ್ನೂ ತಿಂದರು. ಲೇಖಕನಾರು, ಪುಂಡನಾರು ಎಂಬುದು ಲಾಠಿಗೆ ತಿಳಿಯುವುದೆಂತು!

ಗ್ಯಾರಿ ಆರ್ಮ್‌ಸ್ಟ್ರಾಂಗ್ ಷೆಫೀಲ್ಡ್ ನಗರದವರೇ, ಷೆಫೀಲ್ಡ್ ಯುನೈಟೆಡ್ ತಂಡದ ಅಭಿಮಾನಿ. ಪೊಲೀಸರೂ ಪತ್ರಿಕೆಗಳೂ ನಾಯಕರುಳ್ಳ ವ್ಯವಸ್ಥಿತ ದಂಡನ್ನು ಕಂಡೆಡೆ, 1998ರ ತಮ್ಮ ಗ್ರಂಥದಲ್ಲಿ ಅವರು ಸಡಿಲವಾದ ಗೆಳೆಯರ ಬಳಗವನ್ನು ತೋರಿಸಿದರು. ಇದು ಪಕ್ಷಪಾತವೆನ್ನಬಹುದು, ಆದರೆ ಹೊರಗೆ ನಿಂತವನಿಗೆ ಅಂತಹ ಬಳಗದ ಬಾಗಿಲು ತೆರೆಯುತ್ತಿತ್ತೆ? ತಾನಾರೆಂದು ಹೇಳಿ ಬರೆದವನ ಒಲವನ್ನು ಓದುಗನು ತೂಗಿ ನೋಡಬಲ್ಲನು. ನಿರ್ಲಿಪ್ತನೆಂದು ಹೇಳಿಕೊಂಡವನದು ಹಾಗಲ್ಲ.

ಇದಕ್ಕಿಂತ ಜಟಿಲವಾದುದು ಜೆಫ್ ಪಿಯರ್ಸನ್ ಅವರ ಸ್ಥಿತಿ. ಅವರು ಕಾನೂನಿನ ವಿದ್ವಾಂಸರು. ಬ್ಲ್ಯಾಕ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಇಂಗ್ಲೆಂಡ್ ತಂಡಗಳ ಅಭಿಮಾನಿಗಳೊಡನೆ ವರ್ಷಗಟ್ಟಲೆ ತಿರುಗಿ 2012ರಲ್ಲಿ ಗ್ರಂಥ ಪ್ರಕಟಿಸಿದರು. ಬಹುತೇಕರು ಹೊರಡುವುದು ಕಾದಾಟಕ್ಕಲ್ಲ. ಕುಡಿತ, ಹಾಡು, ಒಡನಾಟಗಳ ಜಾತ್ರೆಗೆ ಎಂಬುದು ಅವರ ನಿರ್ಣಯ. ಆದರೆ ಗುಂಪಿನಲ್ಲಿ ಒಬ್ಬನಾಗಿ ಉಳಿಯಲು ಸಂಶೋಧಕನೇ ಸಣ್ಣಪುಟ್ಟ ಕಾನೂನುಭಂಗ ಮಾಡಬೇಕಾದರೆ? ಕಾನೂನು ಕಲಿಸುವ ಅವರೇ 2009ರಲ್ಲಿ ಈ ಪ್ರಶ್ನೆಯನ್ನೆತ್ತಿ ಪ್ರಬಂಧ ಬರೆದರು. ಅಂತಹವನಿಗೆ ವಿದ್ವತ್ತಿನ ಕಾರಣದಿಂದ ನ್ಯಾಯಾಲಯದಲ್ಲಿ ರಿಯಾಯಿತಿಯೇನೂ ಇಲ್ಲ.