ಗುಡ್ಡ, ಮಳೆ ಮತ್ತು ಅತಿಥಿಗೃಹ: ಕೊಡಗಿನ ಪ್ರವಾಸೋದ್ಯಮದಲ್ಲಿ ಹೊಂದಾಣಿಕೆಯ ಪ್ರಶ್ನೆ

ಪ್ರವಾಸೋದ್ಯಮವು ಹವಾಮಾನ ಬದಲಾವಣೆಗೆ ಒಂದು ಕಾರಣವೂ ಹೌದು, ಅದರಿಂದ ಹಾನಿಗೊಳಗಾಗುವ ವಲಯವೂ ಹೌದು. ಈ ತಿಳಿವಳಿಕೆ 2003ರ ಜೆರ್ಬಾ ಮತ್ತು 2007ರ ದಾವೋಸ್ ಘೋಷಣೆಗಳಲ್ಲಿ ಖಚಿತ ರೂಪ ಪಡೆಯಿತು. ದಾವೋಸ್ ಘೋಷಣೆಯು ಹಸಿರುಮನೆ ಅನಿಲಗಳನ್ನು ತಗ್ಗಿಸುವ ಹೊಣೆಯನ್ನೂ ಬದಲಾದ ವಾಯುಗುಣಕ್ಕೆ ಹೊಂದಿಕೊಳ್ಳುವ ಹೊಣೆಯನ್ನೂ ಪ್ರತ್ಯೇಕವಾಗಿ ಹೆಸರಿಸಿತ್ತು. ಉದ್ಯಮದ ರೂಢಿಯಲ್ಲಾದರೋ ಇವೆರಡೂ ಕಲಸಿಹೋಗಿವೆ. ಸೋಲಾರ್ ವಾಟರ್ ಹೀಟರ್, ಎಲ್‌ಇಡಿ ದೀಪ, ಹಾಸಿಗೆಯ ಬಟ್ಟೆಯನ್ನು ದಿನವೂ ಒಗೆಸಬೇಡಿರೆಂಬ ಚೀಟಿ ಇವೆಲ್ಲ ಮುಖ್ಯವಾಗಿ ಮೊದಲನೆಯ ಹೊಣೆಗೆ ಸೇರಿದವು. ಕಟ್ಟಡದ ಹಿಂದಿನ ಗುಡ್ಡ ಜಾರುವಾಗ ಇವು ನೆರವಿಗೆ ಬಾರವು.

ಕೊಡಗಿನಲ್ಲಿ ಈ ಭೇದ ಎದ್ದು ಕಾಣುತ್ತದೆ. 2018ರ ಆಗಸ್ಟ್ ಮಧ್ಯಭಾಗದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದೆಡೆ ಭೂಮಿ ಕುಸಿಯಿತು; ಪ್ರವಾಸಿಗರ ವಾಸ್ತವ್ಯವನ್ನು ಜಿಲ್ಲಾಡಳಿತ ಕೆಲಕಾಲ ನಿರ್ಬಂಧಿಸಬೇಕಾಯಿತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಜೀವಹಾನಿಯಾಯಿತು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಅತಿವೃಷ್ಟಿಯೊಡನೆ ಇಳಿಜಾರುಗಳ ಅವೈಜ್ಞಾನಿಕ ಕಡಿತವನ್ನೂ ಕಾರಣವಾಗಿ ಗುರುತಿಸಿತು. ಗುಡ್ಡದ ಬುಡವನ್ನು ನೇರವಾಗಿ ಕಡಿದು ಸಮತಟ್ಟು ಮಾಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಶಿಥಿಲಗೊಂಡ ಶಿಲೆಯ ಮೇಲಿನ ಆಳವಾದ ಮಣ್ಣಿನಲ್ಲಿ ನೀರು ತುಂಬಿದಂತೆ ಕಣಗಳ ನಡುವಣ ಒತ್ತಡ ಏರಿ ಹಿಡಿತ ಸಡಿಲುತ್ತದೆ. ಕಣಿವೆಯ ನೋಟಕ್ಕೆಂದು ಕಟ್ಟುವ ಕಾಟೇಜುಗಳು ಬಯಸುವುದು ಇಂಥ ಅಂಚನ್ನೇ. ಕೊಡವರ ಐನ್‌ಮನೆಗಳು ಸಾಮಾನ್ಯವಾಗಿ ಗದ್ದೆಬಯಲಿಗೆ ಎದುರಾಗಿ, ತುಸು ಎತ್ತರದ ನೆಲದಲ್ಲಿ ನಿಂತಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಆದ್ದರಿಂದ ಹೊಂದಾಣಿಕೆಯ ಮೊದಲ ಪ್ರಶ್ನೆ ನಿವೇಶನದ್ದು. ಸರ್ವೇಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದಡಿ ಸಿದ್ಧವಾದ ಭೂಕುಸಿತ ಸಾಧ್ಯತೆಯ ನಕ್ಷೆಗಳು 1:50,000 ಪ್ರಮಾಣದವು. ಅವುಗಳ ಒಂದು ಸೆಂಟಿಮೀಟರು ನೆಲದ ಮೇಲೆ 500 ಮೀಟರಿಗೆ ಸಮ. ತಾಲ್ಲೂಕಿನ ಯೋಜನೆಗೆ ಇವು ಉಪಯುಕ್ತವಾದರೂ ಒಂದು ಹೋಂಸ್ಟೇಯ ಹಿತ್ತಲು ಇವುಗಳಲ್ಲಿ ಬರಿಯ ಚುಕ್ಕೆ. ನಿವೇಶನ ಮಟ್ಟದ ಪರಿಶೀಲನೆಯಿಲ್ಲದೆ ನೀಡುವ ಪರವಾನಗಿಗೆ ಈ ದೃಷ್ಟಿಯಿಂದ ಅರ್ಥ ಕಡಿಮೆ.

ಎರಡನೆಯದು ನೀರಿನ ಹಾದಿ. ಬಯಲುಸೀಮೆಗೆ ಹಿತವಾದ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ಅಪಾಯವನ್ನೇ ಹೆಚ್ಚಿಸಬಹುದು. ಅಲ್ಲಿ ಬೇಕಾದುದು ಛಾವಣಿಯ ನೀರನ್ನು ತೊಟ್ಟಿಯಲ್ಲಿ ಹಿಡಿಯುವುದು, ಹೆಚ್ಚಾದುದನ್ನು ಕಟ್ಟಿದ ಚರಂಡಿಯಲ್ಲಿ ಹಳ್ಳಕ್ಕೆ ಸಾಗಿಸುವುದು. ಗುಡ್ಡದ ನೆತ್ತಿಯ ಈಜುಕೊಳ ಸೋರತೊಡಗಿದರೆ ಅದೂ ಇಂಗುಗುಂಡಿಯೇ. ಹಿಡಿದಿಟ್ಟ ನೀರಿಗೆ ಬೇಸಿಗೆಯಲ್ಲಿ ಬೇರೆಯೇ ಬೆಲೆಯುಂಟು: 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಮುನ್ನೆಚ್ಚರಿಕೆಯ ಸಾಧನಗಳು ಇಲ್ಲದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಕಾಫಿ ಬೆಳೆಗಾರರಿಗೆ ದಿನದ ಮಳೆಯನ್ನು ಇಂಚುಗಳಲ್ಲಿ ಬರೆದಿಡುವ ಅಭ್ಯಾಸ ಹಳೆಯದು. ಒಂದು ದಿನದ ಮಳೆಯಷ್ಟೇ ಅಲ್ಲದೆ ಹಿಂದಿನ ಹಲವು ದಿನಗಳ ಒಟ್ಟು ಮೊತ್ತವೂ ಇಲ್ಲಿ ನಿರ್ಣಾಯಕ. ಎಷ್ಟು ಇಂಚಿಗೆ ಕೊಠಡಿಗಳನ್ನು ತೆರವು ಮಾಡಬೇಕೆಂಬುದನ್ನು ಆಯಾ ನೆಲದ ಪರಿಶೀಲನೆಯ ಆಧಾರದಿಂದ ಮೊದಲೇ ಗೊತ್ತುಪಡಿಸಿದರೆ ಆ ಬರೆಹ ಆದೇಶವಾಗಬಲ್ಲದು. ಸ್ಥಳೀಯನು ತೋಡಿನ ನೀರು ಒಮ್ಮೆಲೆ ಕೆಂಪಾದುದನ್ನು ಕಂಡು ಎಚ್ಚರಗೊಂಡಾನು. ನಿನ್ನೆ ಬಂದ ಅತಿಥಿಗೆ ಅದು ತಿಳಿಯುವ ಬಗೆಯಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ದುರಂತ ಸಂಭವಿಸಿದುದು ಜನರು ನಿದ್ರಿಸುತ್ತಿದ್ದ ಹೊತ್ತಿನಲ್ಲಿ.

ಉಳಿದುದು ಕಾಲದ ಪ್ರಶ್ನೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸದಲ್ಲಿ ಕೊಡವರು ಶುಭಕಾರ್ಯ ನಡೆಸುವುದಿಲ್ಲ; ಅದು ಗದ್ದೆಕೆಲಸದ ಕಾಲ. ‘ಮಾನ್ಸೂನ್ ಪ್ಯಾಕೇಜು’ಗಳು ಅತಿಥಿಗಳನ್ನು ಕರೆತರುವುದು ಬಹುತೇಕ ಅದೇ ದಿನಗಳಿಗೆ. ಆ ವಾರಗಳಲ್ಲಿ ಇಳಿಜಾರಿನ ಕೊಠಡಿಗಳನ್ನು ಮುಚ್ಚುವುದು ಸಾಧ್ಯ. ಆದರೆ ತೋಟದ ಆದಾಯವಿರುವ ಮಾಲೀಕನಿಗೆ ಸಹ್ಯವಾದ ಈ ನಷ್ಟ ದಿನಗೂಲಿಯ ಅಡುಗೆಯವರಿಗೆ, ಜೀಪು ಚಾಲಕರಿಗೆ ಸಹ್ಯವಲ್ಲ. ಅವರ ಆ ಒಂದು ತಿಂಗಳ ಕೂಲಿಯನ್ನು ವರ್ಷದ ಉಳಿದ ಬಾಡಿಗೆಯಲ್ಲಿ ಸೇರಿಸದೆ ಮಾಡಿದ ಯಾವ ಲೆಕ್ಕವೂ ಪೂರ್ಣವಾಗದು.